ಇಣುಕಪ್ಪನ ನಂಬಿಕಸ್ಥ ಗಿರಾಕಿ

ಆರು ಮೇಜಿನ ಆ ಪುಟ್ಟ ಹೋಟೆಲಿನ ಅಡುಗೆಯವನಿಗೆ ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಗಿರಾಕಿಗಳ ಬಾಯಲ್ಲಿ ಅವನು ಇಣುಕಪ್ಪ. ತಟ್ಟೆ ಹೊರಗೆ ಹೋಯಿತೆಂದರೆ ಸೌಟು ಹಿಡಿದುಕೊಂಡೇ ಅಡುಗೆಮನೆಯ ಕಿಂಡಿಯಿಂದ ಕತ್ತು ಚಾಚುತ್ತಿದ್ದ. ಮೊದಲ ತುತ್ತಿಗೆ ಉಣ್ಣುವವರ ಹುಬ್ಬು ಏರಿದರೆ ಉಪ್ಪು ಹೆಚ್ಚಾಯಿತು ಎಂದು ಲೆಕ್ಕ, ಮಾತು ನಿಂತರೆ ಹದ ಕೂಡಿತು ಎಂದು ಲೆಕ್ಕ. ತಾನಾಗಿ ರುಚಿ ನೋಡಿದವನೇ ಅಲ್ಲ ಮಹಾರಾಯ. "ಕೈ ನಿಮ್ದು, ನಾಲಿಗೆ ಊರೋರ್ದು" ಎಂದು ಗಲ್ಲಾದಲ್ಲಿ ಕೂತ ಹೆಂಡತಿ ರೇಗಿಸುತ್ತಿದ್ದಳು.

ಮನೆಗೇ ಊಟ ತಲುಪಿಸುವ ಆ್ಯಪ್ ಬಂದದ್ದೇ ಮೇಜುಗಳು ಖಾಲಿ ಹೊಡೆಯತೊಡಗಿದವು. ವಿಧಿಯಿಲ್ಲದೆ ಇವರೂ ಸೇರಿಕೊಂಡರು. ನೂರರ ಊಟಕ್ಕೆ ಮೂವತ್ತು ಆ್ಯಪ್‌ನವರ ಕಮಿಷನ್ನು. ಅಂಥ ಹೊಟ್ಟೆಬಾಕನನ್ನು ಆ ಹೋಟೆಲು ಕಂಡಿರಲಿಲ್ಲ. ಡಬ್ಬಿ, ಚೀಲ, ಗ್ಯಾಸು ಕಳೆದರೆ ಇವರಿಗೆ ಉಳಿಯುವುದು ಬೆವರು. ಹೀಗೇ ನಡೆದರೆ ಬಾಗಿಲಿಗೆ ಬೀಗ ಬೀಳುವುದೇ ಸೈ ಎಂದು ಹೆಂಡತಿಗೆ ಗೊತ್ತಿತ್ತು.

ಆದರೂ ಆ್ಯಪ್ ಬಿಡಲು ಅವಳಿಗೆ ಮನಸ್ಸು ಬರಲಿಲ್ಲ. ಕಾರಣ, 'ಊಟಪ್ರಿಯ' ಎಂಬ ಹೆಸರಿನ ಒಬ್ಬ ಗಿರಾಕಿ. ದಿನಾ ಮಧ್ಯಾಹ್ನ ಫೋನು ಟಿಣ್ ಎಂದರೆ ಅವನದೇ ಆರ್ಡರು. ಕಾಣದ ಆ ಪುಣ್ಯಾತ್ಮನಿಗೆ ಅವಳು ಒಂದು ಸೌಟು ಹೆಚ್ಚೇ ಹಾಕಿಸಿ ಕಳಿಸುತ್ತಿದ್ದಳು.

ಒಂದು ದಿನ ನಾದಿನಿ ಬಂದು ಎದುರಿಗೆ ಕೂತಳು. "ಅತ್ತಿಗೆ, ದಿನಾ ಮಧ್ಯಾಹ್ನ ಆ ಆ್ಯಪ್ ಹುಡುಗನ ಕೈಲಿ ಊಟ ಕಳಿಸಿ ಕಳಿಸಿ ನನ್ನ ಒಲೆಗೆ ತುಕ್ಕು ಹಿಡಿಸಿದ್ರಿ. ಅಣ್ಣಂಗೆ ಇನ್ನು ಸಾಕು ಅಂತ ಹೇಳಿ."

ಹೆಂಡತಿ ಅಡುಗೆಮನೆಗೆ ಹೋದಳು. ಇಣುಕಪ್ಪ ಪಾತ್ರೆಯೊಳಗೆ ಮುಖ ಹುದುಗಿಸಿದ್ದ.

"ನಮ್ಮ ಊಟ ನಾವೇ ಕೊಂಡುಕೊಂಡು, ಅದಕ್ಕೂ ಅವ್ರಿಗೆ ಕಮಿಷನ್ ಕೊಟ್ರಾ?"

"ಮೇಜು ಖಾಲಿ ಇದ್ರೆ ನೀನು ಬಾಗ್ಲನ್ನೇ ನೋಡ್ತಾ ಕೂತಿರ್ತಿದ್ದೆ" ಎಂದ ಅವನು, ತಲೆ ಎತ್ತದೆ. "ಟಿಣ್ ಅಂದ್ರೆ ಎದ್ದು ಓಡಾಡ್ತಿದ್ದೆ. ಅದಕ್ಕೇ."

ಇಂಥ ಪೆದ್ದನನ್ನು ಕಟ್ಟಿಕೊಂಡದ್ದಕ್ಕೆ ಅವಳಿಗೆ ಅಳು ಬಂತು, ಹಿಂದೆಯೇ ನಗು. ಅವತ್ತೇ ಆ್ಯಪ್ ತೆಗೆಸಿದಳು.

ಮರುದಿನ ಮಧ್ಯಾಹ್ನ ಒಬ್ಬರೂ ಬರಲಿಲ್ಲ. ಅವಳು ಗಲ್ಲಾ ಬಿಟ್ಟೆದ್ದು ಬಾಗಿಲ ಬಳಿಯ ಮೇಜಿಗೆ ಕೂತು, "ಒಂದೂಟ" ಎಂದು ಕೂಗಿದಳು. ಮದುವೆಯಾದಾಗಿನಿಂದ ಎಲ್ಲರದೂ ಆದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ನಿಂತು ಉಂಡವಳು ಅವಳು. ತಟ್ಟೆ ಬಂತು. ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಕಿಂಡಿಯಲ್ಲಿ ಕತ್ತು ಕಾಣಿಸಿತು.

"ಉಪ್ಪು ಕಮ್ಮಿ" ಎಂದಳು ಬೇಕೆಂದೇ.

"ನಿನ್ನ ಹುಬ್ಬು ಹಾಗೆ ಹೇಳ್ತಿಲ್ವಲ್ಲ."

ಅಂದಿನಿಂದ ಅವಳ ಮಧ್ಯಾಹ್ನದೂಟ ಅದೇ ಮೇಜಿನಲ್ಲಿ. ಅವಳು ಉಣ್ಣುವ ಚಂದ ಕಂಡೇ ಬೀದಿಯಲ್ಲಿ ಹೋಗುವವರು ಒಬ್ಬೊಬ್ಬರಾಗಿ ಒಳಗೆ ಬರತೊಡಗಿದರು. ಈಗ ಮೂರು ಮೇಜು ತುಂಬುತ್ತವೆ. ಎಷ್ಟು ಜನ ಕೂತಿದ್ದರೂ ಇಣುಕಪ್ಪ ಮೊದಲು ಇಣುಕಿ ನೋಡುವುದು ಬಾಗಿಲ ಕಡೆಯ ಆ ಮುಖವನ್ನೇ.