ಬರ್ತೀನಿ ಅಂತ ಹೋದವಳು

ಇವತ್ತಿಗೂ ಯಾರಾದರೂ ಬಾಗಿಲಲ್ಲಿ ನಿಂತು ‘ಬರ್ತೀನಿ’ ಎಂದರೆ ನನಗೆ ಮೈ ಉರಿಯುತ್ತದೆ. ಯಾವಾಗ ಬರ್ತೀಯ, ಅದನ್ನು ಹೇಳಿ ಹೋಗು ಅನ್ನಬೇಕೆನಿಸುತ್ತದೆ.

ಎಂಬತ್ತರ ದಶಕದ ಶುರು. ನಾನು ಯಶವಂತಪುರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್. ಶಾಲೆಯೊಂದರಲ್ಲಿ ಟೀಚರ್ ಆಗಿದ್ದ ಗೆಳತಿಯ ಜೊತೆ ಆರ್.ಟಿ. ನಗರದಲ್ಲಿ ಮಹಡಿ ಮೇಲಿನ ಮನೆ ಹಿಡಿದೆ. ಕೆಳಗಿದ್ದ ಮನೆ ಯಜಮಾನಿ ಅಜ್ಜಿ, “ಒಂಟಿ ಹೆಣ್ಣಿಗೆ ನಾನು ಮನೆ ಕೊಡಲ್ಲಮ್ಮ. ಇಬ್ರೂ ಇರೋದಾದ್ರೆ ಸರಿ” ಎಂದು ಹನ್ನೊಂದು ತಿಂಗಳ ಕರಾರಿಗೆ ಇಬ್ಬರ ಕೈಲೂ ಸಹಿ ಹಾಕಿಸಿಕೊಂಡರು. ಊರಲ್ಲಿದ್ದ ನಮ್ಮಪ್ಪನದೂ ಅದೇ ಷರತ್ತು. ಜೊತೆಗೊಬ್ಬಳು ಇಲ್ಲ ಅಂತ ಗೊತ್ತಾದ ದಿನವೇ ನಾನು ಕೆಲಸ ಬಿಟ್ಟು ಊರು ಸೇರಬೇಕು.

ನಾಲ್ಕನೇ ತಿಂಗಳಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಅವಳು ಬ್ಯಾಗು ಹೆಗಲಿಗೇರಿಸಿ “ಊರಿಗೆ ಹೋಗಿ ಬರ್ತೀನಿ ಕಣೇ” ಎಂದಳು. ಬರುತ್ತಾಳೆ ಅಂತ ನಾನು ಪೆದ್ದಿ ಅವಳ ಪಾಲಿನ ಹಾಲಿಗೂ ಹೆಪ್ಪು ಹಾಕಿದೆ. ಹದಿನೈದು ದಿನವಾದರೂ ಪತ್ತೆಯಿಲ್ಲ. ಅವಳ ಶಾಲೆಗೇ ಹೋಗಿ ಕೇಳಿದರೆ, “ಅವ್ರು ರಾಜೀನಾಮೆ ಕೊಟ್ರಲ್ಲ, ಮದುವೆ ಅಂತೆ” ಎಂದರು. ಊರಿಗೆ ಹೊರಡುವ ಮೊದಲೇ ಕೊಟ್ಟಿದ್ದಳಂತೆ! ಥೂ! ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದವಳಿಗೆ ಒಂದು ಮಾತು ಹೇಳಲು ಬಾಯಿ ಬಿದ್ದುಹೋಗಿತ್ತೇ?

ಅಜ್ಜಿ ಕೇಳಿದಾಗಲೆಲ್ಲ ಮೊದಮೊದಲು “ಬರ್ತೀನಿ ಅಂದಿದಾಳೆ” ಅನ್ನುತ್ತಿದ್ದೆ. ಅದು ಸುಳ್ಳಲ್ಲವಲ್ಲ. ಆಮೇಲೆ ಅದು ಸಾಲದೆ, “ಬಂದಿದಾಳೆ, ನೀವು ಏಳೋ ಮುಂಚೆ ಹೊರಟುಬಿಡ್ತಾಳೆ, ಟ್ಯೂಷನ್ ಮುಗಿಸಿ ಬರೋದು ನೀವು ಮಲಗಿದ ಮೇಲೆ” ಎಂದೆ. ಸಾಕ್ಷಿಗೆ, ಅವಳು ಬಿಟ್ಟುಹೋದ ಹಸಿರು ಸೀರೆಯನ್ನು ದಿನ ಬಿಟ್ಟು ದಿನ ಒಗೆದು ತಂತಿಗೆ ಹಾಕುತ್ತಿದ್ದೆ. ಕೈಕೊಟ್ಟವಳ ಸೀರೆ ಒಗೆಯುವ ಕರ್ಮ ನನಗೆ! ಕಲ್ಲಿನ ಮೇಲೆ ಅವಳನ್ನೇ ಬಡಿದ ಹಾಗೆ ಬಡಿದೆ.

“ಅಲ್ಲಮ್ಮ, ಟೀಚರಮ್ಮಂಗೆ ಇರೋದು ಇದೊಂದೇ ಸೀರೆನಾ?” ಎಂದು ಅಜ್ಜಿ ಒಂದು ದಿನ ಕೇಳಿದರು.

“ಅವಳಿಗೆ ಹಸಿರಂದ್ರೆ ಪ್ರಾಣ ಅಜ್ಜಿ” ಎಂದೆ.

ಎರಡು ತಿಂಗಳ ಮೇಲೆ ಬಂದಳು ಮಹಾರಾಯಿತಿ, ಕೈಯಲ್ಲಿ ಲಗ್ನಪತ್ರಿಕೆ ಹಿಡಿದು. ಮೊದಲು ಹೋಗಿದ್ದು ಅಜ್ಜಿಯ ಮನೆಗೆ. ನಾನು ದಡಬಡ ಮೆಟ್ಟಿಲಿಳಿಯುವಷ್ಟರಲ್ಲಿ, “ಎರಡು ತಿಂಗಳಿಂದ ಊರಲ್ಲೇ ಇದೀನಿ ಅಜ್ಜಿ” ಎಂದು ಹೇಳಿ ಮುಗಿಸಿದ್ದಳು.

ಅಜ್ಜಿ ನನ್ನನ್ನೇ ನೋಡಿದರು. “ತಿಂಗಳ ಕೊನೆಗೆ ಮನೆ ಖಾಲಿ ಮಾಡಮ್ಮ. ನಿಮ್ಮಪ್ಪಂಗೆ ನಾನೇ ಕಾಗದ ಬರೀತೀನಿ.”

“ನಂಗ್ಯಾಕೆ ಒಂದು ಮಾತು ಹೇಳ್ಲಿಲ್ಲ?” ಎಂದು ಅವಳನ್ನು ಕೇಳಿದೆ.

“ಹೇಳಿದ್ರೆ ನೀನು ಬಿಡ್ತಿದ್ಯಾ? ಬರ್ತೀನಿ ಅಂದಿದ್ದೆ, ಬಂದ್ನಲ್ಲ!” ಎಂದು ನಕ್ಕಳು. ನಗು ಬೇರೆ ಕೇಡು!

ಅಜ್ಜಿ ಅವಳಿಗೆ ಅರಿಸಿನ ಕುಂಕುಮ ಕೊಟ್ಟು ಕಳಿಸಿದರು. ಗೇಟಿನ ಹತ್ತಿರ ಅವಳು ಏನೂ ಆಗಿಲ್ಲವೆನ್ನುವಂತೆ ತಿರುಗಿ, “ಬರ್ತೀನಿ ಕಣೇ” ಎಂದಳು.

ಅದಕ್ಕೆ ‘ಹೋಗಿ ಬಾ’ ಅನ್ನಬೇಕು. ಮದುವೆ ಗೊತ್ತಾದ ಹುಡುಗಿಗಂತೂ ಬರೀ ‘ಹೋಗು’ ಅನ್ನಲೇಬಾರದು.

“ಹೋಗು” ಎಂದೆ.

“ಅಯ್ಯೋ, ಬಿಡ್ತು ಅನ್ನೇ, ಬಿಡ್ತು ಅನ್ನು!” ಎಂದು ಅಜ್ಜಿ ಕೂಗಿಕೊಂಡರು.

ಮಹಡಿ ಹತ್ತಿ ನನ್ನ ಟ್ರಂಕು ಎಳೆದೆ. ಬಿಡ್ತು ಅಂತ ಇವತ್ತಿನವರೆಗೂ ಅಂದಿಲ್ಲ.