ಸಚಿವರ ಫೋನನ್ನು ಬರೆದಿಟ್ಟ ತಪ್ಪು

ನಾನು ಹುಟ್ಟಾ ಅಂಜುಬುರುಕಿ. ಯಾರಾದರೂ ಬಾಗಿಲು ಜೋರಾಗಿ ಬಡಿದರೂ ನನ್ನಿಂದ ಏನು ತಪ್ಪಾಯಿತೋ ಎಂದು ಮೊದಲು ಯೋಚಿಸುವವಳು. ಅಂಥವಳು ಒಬ್ಬ ಸಚಿವರನ್ನು ಫೈಲಿನೊಳಗೆ ತಂದು ಕೂರಿಸಿದೆ ಎಂದರೆ ಅದಕ್ಕೆ ಧೈರ್ಯ ಕಾರಣವಲ್ಲ, ಹಳೆಯ ಚಾಳಿ ಕಾರಣ.

ಎಂಟು ವರ್ಷ ಕಲಬುರಗಿಯ ಕೋರ್ಟಿನಲ್ಲಿ ಬೆರಳಚ್ಚು ಮಾಡಿದ್ದೆ. ಅಲ್ಲಿ ಯಾರು ಏನು ಹೇಳಿದರು ಎಂಬುದನ್ನು ಬರೆಯುವುದೇ ಕೆಲಸ. ಸಾಕ್ಷಿ ಕೆಮ್ಮಿದ್ದೊಂದು ಬಿಟ್ಟು ಎಲ್ಲವೂ ಕಾಗದಕ್ಕೆ ಬರುತ್ತಿತ್ತು. ಆಮೇಲೆ ಪರೀಕ್ಷೆ ಬರೆದು ಬೇರೆ ಇಲಾಖೆ ಸೇರಿದೆ. ಕಮಲಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಆ ಅಂಜಿಕೆ ಇನ್ನೂ ಹೋಗಿಲ್ಲ. ಬ್ರಹ್ಮಪುರದ ಮನೆಯಲ್ಲಿ ರೊಟ್ಟಿ ಬಡಿದು, ಡಬ್ಬಿ ಕಟ್ಟಿಕೊಂಡು, ಕಪನೂರ ದಾಟುವ ಬಸ್ಸು ಹಿಡಿದರೆ ಹತ್ತು ಗಂಟೆಗೆ ಮೊದಲು ಕುರ್ಚಿಯಲ್ಲಿರುತ್ತಿದ್ದೆ.

ಆ ಕಚೇರಿಗೆ ಒಂದು ರೂಢಿಯಿತ್ತು. ಮೇಲಿನವರು ಬಾಯಿಮಾತಿನಲ್ಲಿ ಏನೇ ಹೇಳಲಿ, ಫೈಲಿನ ಟಿಪ್ಪಣಿ ಹಾಳೆಯಲ್ಲಿ ‘ಚರ್ಚಿಸಿದಂತೆ’ ಎಂದಷ್ಟೇ ಬರೆಯಬೇಕು. ಯಾರ ಜೊತೆ ಚರ್ಚೆ, ಯಾವತ್ತು ಚರ್ಚೆ ಎಂದು ಯಾರೂ ಕೇಳುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವರಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ತಾನೇ ಹೇಳಿಕೊಡುತ್ತಾರೆ?

ಸಮೀಪದ ಹಳ್ಳಿಯೊಂದರ ಕೆಳಗಿನ ಓಣಿಗೆ ಕುಡಿಯುವ ನೀರಿನ ಬೋರ್‌ವೆಲ್ ಮಂಜೂರಾಗಿತ್ತು. ಒಂದು ದಿನ ಮಧ್ಯಾಹ್ನ ನಮ್ಮ ಸಾಹೇಬರಿಗೆ ಸಚಿವರ ಫೋನು ಬಂತು. ಸಾಹೇಬರು ಎದ್ದು ನಿಂತೇ ಮಾತಾಡಿದರು. ಫೋನಿಟ್ಟ ಮೇಲೆ ನನ್ನನ್ನು ಕರೆದು, ‘ಆ ಬೋರು ಕೆಳಗಿನ ಓಣಿಗೆ ಬ್ಯಾಡಂತ. ಊರ ಹೊರಗ ದೊಡ್ಡ ತೋಟದ ಗೇಟಿನ ಮುಂದ ಹಾಕ್ಬೇಕಂತ. ಜಲ್ದಿ ಫೈಲ್ ಮಾಡ್ರಿ’ ಎಂದರು. ತೋಟ ಯಾರದು ಎಂದು ಕಮಲಾಪುರದ ಚಹಾದಂಗಡಿಯವರಿಗೂ ಗೊತ್ತಿತ್ತು. ಸಚಿವರ ಜೊತೆ ಒಂದೇ ಕಾರಿನಲ್ಲಿ ಓಡಾಡುವವರದು.

ನಾನು ಹದಿನಾಲ್ಕನೆಯ ಹಾಳೆಯಲ್ಲಿ ಬರೆದೆ: ‘ಮಾನ್ಯ ಸಚಿವರು ಈ ದಿನ ಮಧ್ಯಾಹ್ನ ದೂರವಾಣಿಯಲ್ಲಿ ನೀಡಿದ ಸೂಚನೆಯಂತೆ ಸ್ಥಳ ಬದಲಾಯಿಸಲು ಆದೇಶ ಕೋರಿದೆ.’ ಸಾಹೇಬರು ಮೀಟಿಂಗಿಗೆ ಹೊರಟಿದ್ದರು. ಹತ್ತಾರು ಫೈಲುಗಳ ಜೊತೆ ಅದಕ್ಕೂ ಓದದೆ ಸಹಿ ಹಾಕಿದರು. ಮುಂದಿನ ವಾರ ತೋಟದ ಮುಂದೆ ಬೋರು ಕೊರೆದು ಆಯಿತು.

ಕೆಲವು ತಿಂಗಳ ನಂತರ ಅಧಿವೇಶನ ಶುರುವಾದಾಗ, ವಿರೋಧ ಪಕ್ಷದ ಶಾಸಕರೊಬ್ಬರು ಕೇಳಿದ ಪ್ರಶ್ನೆ ನಮ್ಮ ಕಚೇರಿಗೆ ಬಂತು. ಕೆಳಗಿನ ಓಣಿಯ ಬೋರ್‌ವೆಲ್ ಬೇರೆ ಕಡೆ ಕೊರೆದದ್ದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಯಾರ ಆದೇಶದ ಮೇರೆಗೆ? ಸಚಿವರು ಸದನದಲ್ಲಿ ಎದೆಯುಬ್ಬಿಸಿ ಓದುವ ಉತ್ತರದ ಮೊದಲ ಕರಡು ಎಲ್ಲಕ್ಕಿಂತ ಕೆಳಗಿನ ಗುಮಾಸ್ತೆಯ ಟೇಬಲ್ಲಿನಲ್ಲಿ ಹುಟ್ಟುತ್ತದೆ ಎಂಬುದು ಆವತ್ತೇ ನನಗೆ ಗೊತ್ತಾದದ್ದು. ಸಚಿವರು ಸದನಕ್ಕೆ ಉತ್ತರ ಕೊಡಬೇಕು, ಆ ಉತ್ತರ ನಾನು ಕೊಡಬೇಕು.

ಫೈಲು ತಂದಿಟ್ಟೆ. ಸಾಹೇಬರು ಹದಿನಾಲ್ಕನೆಯ ಹಾಳೆ ಓದಿದರು. ಮತ್ತೊಮ್ಮೆ ಓದಿದರು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ಬೈದಿದ್ದರೆ ಅಷ್ಟು ಅಂಜುತ್ತಿರಲಿಲ್ಲ, ಅವರು ಪಿಸುದನಿಯಲ್ಲಿ ಕೇಳಿದರು.

‘ಇದೇನ್ ಬರದೀರಿ ಮೇಡಂ?’

‘ನೀವು ಹೇಳಿದ್ದೇ ಬರದೀನ್ರಿ ಸರ್.’

‘ಹೇಳಿದ್ದೆಲ್ಲಾ ಬರೀತಾರೇನ್ರಿ? ಇದು ಮ್ಯಾಲ ಹೋದ್ರ ನಾನೂ ಉಳಿಯಂಗಿಲ್ಲ, ನೀವೂ ಉಳಿಯಂಗಿಲ್ಲ. ಹಾಳಿ ಬದಲಿ ಮಾಡ್ರಿ.’

ಕಾನೂನು ನನಗೆ ಪೂರಾ ಗೊತ್ತಿಲ್ಲದಿದ್ದರೂ ಇಷ್ಟು ಗೊತ್ತಿತ್ತು. ಸಚಿವರಿಗೆ ಅಧಿಕಾರವಿದೆ, ಅದನ್ನು ಬರಹದಲ್ಲಿ ಚಲಾಯಿಸಬೇಕು. ಬಾಯಿಮಾತಿನ ಆದೇಶವನ್ನು ಕೆಳಗಿನವರು ಆಮೇಲಾದರೂ ಬರಹದಲ್ಲಿ ದೃಢಪಡಿಸಿಕೊಳ್ಳಬೇಕು. ಸದನಕ್ಕೆ ಗೊತ್ತಿದ್ದೂ ಸುಳ್ಳು ಹೇಳಿದರೆ ಹಕ್ಕುಚ್ಯುತಿ. ಇದೆಲ್ಲ ಪುಸ್ತಕದಲ್ಲಿ ಓದುವಾಗ ಬಲು ಚೆಂದ. ಮುಂದೆ ಮಾಡಿದ ಬಾಗಿಲಿನ ಒಳಗೆ ಕೂತಾಗ ಮಾತ್ರ ನನ್ನ ಕಣ್ಣಿಗೆ ಅಮಾನತಿನ ಆದೇಶವೊಂದೇ ಕಾಣುತ್ತಿತ್ತು.

ಹಾಳೆ ಬಿಚ್ಚುವ ಮೊದಲು ರೆಕಾರ್ಡ್ ಕೋಣೆಗೆ ಹೋಗಿ, ಕಪಾಟಿನ ಮರೆಯಲ್ಲಿ ನಿಂತು ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡೆ. ಆಮೇಲೆ ಹೊಸ ಹಾಳೆಯಲ್ಲಿ, ಹಳೆಯ ತಾರೀಖು ಹಾಕಿ, ಸಾಹೇಬರು ಹೇಳಿದಂತೆ ಬರೆದೆ: ‘ಸ್ಥಳೀಯವಾಗಿ ಪರಿಶೀಲಿಸಿದ್ದು, ಸ್ಥಳ ಬದಲಾಯಿಸಬಹುದಾಗಿದೆ.’ ಕೆಳಗೆ ನನ್ನ ಸಹಿ. ಅದರ ಕೆಳಗೆ ಅವರು ‘ಸಿಬ್ಬಂದಿಯ ವರದಿಯಂತೆ ಅನುಮೋದಿಸಿದೆ’ ಎಂದು ಬರೆದು ಸಹಿ ಮಾಡಿದರು. ಹಳೆಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಉತ್ತರದ ಕರಡಿನಲ್ಲಿ ನಾನು ‘ಸ್ಥಳ ಪರಿಶೀಲನೆಯ ಆಧಾರದ ಮೇಲೆ ಬದಲಾಯಿಸಲಾಗಿದೆ’ ಎಂದು ಬರೆದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ.

ಸಂಜೆ ಬಸ್ಸಿನಲ್ಲಿ ಮೊಬೈಲು ಮಡಿಲಲ್ಲಿ ಕೆಂಡ ಇಟ್ಟಂತೆ ಅನಿಸತೊಡಗಿತು. ನಾಳೆ ಯಾರಾದರೂ ಮೊಬೈಲು ಕೇಳಿದರೆ? ಸರ್ಕಾರಿ ಕಾಗದದ ಫೋಟೋ ಯಾಕೆ ತೆಗೆದೆ ಎಂದರೆ? ಪಕ್ಕದಲ್ಲಿ ಕೂತವನು ನನ್ನ ಮೊಬೈಲನ್ನೇ ನೋಡುತ್ತಿದ್ದ ಹಾಗಿತ್ತು. ಪಾಪ, ಅವನು ಕಿಟಕಿಯ ಆಚೆ ನೋಡುತ್ತಿದ್ದನೇನೋ. ಕಪನೂರದ ಹತ್ತಿರ ಬಂದಾಗ ಫೋಟೋ ಅಳಿಸಿದೆ. ಅಳಿಸಿದ ಫೋಟೋಗಳು ಇನ್ನೊಂದು ಕಡೆ ಉಳಿದಿರುತ್ತವೆ ಎಂದು ನೆನಪಾಗಿ ಅಲ್ಲಿಂದಲೂ ತೆಗೆದೆ. ಆಗ ಉಸಿರು ಬಂತು.

ನನ್ನ ಗಂಡ ಕಪನೂರದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಓಡಿಸುತ್ತಾರೆ. ಚಹಾ ಕುಡಿಯುವಾಗ ಎಲ್ಲ ಹೇಳಿದೆ. ಅವರು ಕಪ್ಪು ಕೆಳಗಿಟ್ಟರು.

‘ಖರೆ ಬರದಿದ್ದಿ. ಅದನ್ನ ತಗದು ಕೊಟ್ಟಿ. ಫೋಟೋನರ ಇಟ್ಕೋಬೇಕಿತ್ತಲ್ಲ?’

‘ಅಂಜಿಕಿ ಬಂತು.’

‘ಯಾರ್ದು?’

ಸಚಿವರನ್ನು ನಾನು ಒಮ್ಮೆಯೂ ಹತ್ತಿರದಿಂದ ಕಂಡವಳಲ್ಲ.

ಸದನದಲ್ಲಿ ಉತ್ತರ ಬಂದ ದಿನ ಕಚೇರಿಯವರೆಲ್ಲ ಒಂದೇ ಮೊಬೈಲಿನ ಸುತ್ತ ನಿಂತಿದ್ದೆವು. ಸಚಿವರು ಎದ್ದು ನಿಂತು, ಕಾಗದ ನೋಡಿಕೊಂಡು ಓದಿದರು: ‘ಸಭಾಧ್ಯಕ್ಷರೆ, ಸ್ಥಳೀಯ ಸಿಬ್ಬಂದಿ ಕೊಟ್ಟ ತಪ್ಪು ವರದಿಯಿಂದ ಹೀಗಾಗಿದೆ. ನನ್ನ ಗಮನಕ್ಕೆ ಬಂದಿರಲಿಲ್ಲ. ತಪ್ಪು ಮಾಡಿದವರ ಮೇಲೆ ಕ್ರಮ ಕೈಗೊಳ್ಳುತ್ತೇವೆ.’ ಅದು ನನ್ನ ಕರಡು ಆಗಿರಲಿಲ್ಲ. ಕಮಲಾಪುರದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಯಾವುದೋ ಟೇಬಲ್ಲಿನ ಮೇಲೆ ‘ಪರಿಶೀಲನೆ’ ಹೋಗಿ ‘ತಪ್ಪು ವರದಿ’ ಬಂದಿತ್ತು. ಸುತ್ತ ನಿಂತವರು ಒಬ್ಬೊಬ್ಬರಾಗಿ ತಮ್ಮ ಕುರ್ಚಿಗೆ ಹೋದರು.

ಮೂರನೆಯ ದಿನ ನೋಟಿಸು ಬಂತು. ಮೇಲಧಿಕಾರಿಗಳ ಆದೇಶವಿಲ್ಲದೆ ಸ್ಥಳ ಬದಲಾಯಿಸುವ ವರದಿ ಯಾಕೆ ಕೊಟ್ಟಿರಿ, ಏಳು ದಿನದಲ್ಲಿ ತಿಳಿಸಿ. ಅಂಜಿದವನ ಮೇಲೆ ಕಪ್ಪೆ ಎಸೆದರು ಅನ್ನುತ್ತಾರಲ್ಲ, ಹಾಗಾಯಿತು. ಸಾಹೇಬರ ಕೋಣೆಗೆ ಹೋದೆ. ‘ಸರ್, ಆ ಹಳೀ ಹಾಳಿ ಎಲ್ಲದರಿ?’ ಎಂದೆ.

ಅವರು ಕಣ್ಣೆತ್ತಿ ನನ್ನನ್ನೇ ನೋಡಿದರು. ‘ಯಾವ ಹಾಳಿರಿ?’

ಆ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಅವರೂ ನನ್ನಷ್ಟೇ ಅಂಜಿದ್ದರು, ಅದಕ್ಕೇ ನನಗೆ ಸಿಟ್ಟೂ ಬರಲಿಲ್ಲ. ‘ಫಿಕರ್ ಮಾಡಬ್ಯಾಡ್ರಿ. ಕಣ್ತಪ್ಪಿನಿಂದ ಆಗ್ಯಾದಂತ ಬರದು ಕೊಡ್ರಿ. ಸಣ್ಣ ಶಿಕ್ಷಾದಾಗ ಮುಗಸ್ತಾರ’ ಎಂದರು. ಬರೆದು ಕೊಟ್ಟೆ. ನೌಕರಿ ಉಳಿಯಿತು.

ಅದಾಗಿ ಹತ್ತು ದಿನಕ್ಕೆ ಕೆಳಗಿನ ಓಣಿಯಿಂದ ಒಬ್ಬ ಹೆಂಗಸು ಬಂದಳು. ನನಗಿಂತ ಸಣ್ಣವಳು, ಸೆರಗಿನಿಂದ ಮುಖದ ಬೆವರು ಒರೆಸಿಕೊಳ್ಳುತ್ತ ನನ್ನ ಟೇಬಲ್ಲಿನ ಮುಂದೆ ನಿಂತಳು. ಜಗಳಕ್ಕೆ ಬಂದವಳ ಹಾಗೆ ಕಾಣಲಿಲ್ಲ.

‘ಅಕ್ಕಾರ, ನಮ್ಮ ಬೋರು ಬದಲಿ ಮಾಡಿದವರು ನೀವೇ ಏನ್ರಿ? ಮಂತ್ರಿ ಸಾಹೇಬ್ರಿಗಿ ಗೊತ್ತೇ ಇದ್ದಿಲ್ಲಂತ. ಟೀವಿದಾಗ ಹೇಳ್ಯಾರ.’

ಸಾಹೇಬರ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಫ್ಯಾನಿನ ಸದ್ದೊಂದೇ ಕೇಳುತ್ತಿತ್ತು.

‘ಹೌದ್ರಿ’ ಎಂದೆ.

ಆಕೆ ಬೈಯುತ್ತಾಳೆ ಎಂದುಕೊಂಡು ತಲೆ ತಗ್ಗಿಸಿದ್ದೆ. ಆಕೆಯ ಮುಖದಲ್ಲಿ ಗೆಲುವು ಬಂದಿತ್ತು.

‘ಹಂಗಾದ್ರ ಚಲೋ ಆಯ್ತು ಬಿಡ್ರಿ. ಮಂತ್ರಿನ ಕೇಳಲಾರದೇ ಬದಲಿ ಮಾಡೋ ಅಷ್ಟು ಅಧಿಕಾರ ನಿಮ್ಮ ಕೈಯಾಗ ಅದ. ವಾಪಸ್ ನಮ್ಮ ಓಣಿಗೇ ಒಂದು ಬೋರು ಬರದು ಕೊಡ್ರಿ. ಹೆಣ್ಮಕ್ಕಳು ಎರಡು ಹೊಲ ದಾಟಿ ಕೊಡ ಹೊರಾಕತ್ತೀವಿ.’

ಆ ಅಧಿಕಾರ ನನಗಿಲ್ಲ ಎನ್ನಲು ಬಾಯಿ ತೆರೆದೆ. ಹಾಗೆಂದರೆ, ಮತ್ತೆ ಯಾರಿಗಿತ್ತು ಎಂದು ಆಕೆ ಕೇಳುತ್ತಾಳೆ. ಬಾಗಿಲ ಕಡೆ ನೋಡಿದೆ.

‘ಅರ್ಜಿ ಕೊಟ್ಟು ಹೋಗ್ರಿ’ ಎಂದೆ.