ಉತ್ತರದ ಕಿಟಕಿಯ ಎದುರಿಗೆ ಒಂದು ಟಿವಿ

ಸಿಡ್ನಿಗೆ ಬಂದ ಮೂರನೆಯ ದಿನ ನಾನು ಬಾಡಿಗೆ ಮನೆಯಲ್ಲಿ ಸುತ್ತಿಗೆ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದೆ. ದೇವರ ಫೋಟೋಗೆ ಒಂದು ಮೊಳೆ ಹೊಡೆಯುವುದಿತ್ತು. ಮೇಲಿನ ಮನೆಯ ಹಾಸನದ ಹೆಂಗಸು ಬಾಗಿಲಲ್ಲೇ ನಿಂತು, "ಅಣ್ಣ, ಮೊದ್ಲು ಇಳೀರಿ. ಓನರ್‌ಗೆ ಈಮೇಲ್ ಹಾಕಿ ಪರ್ಮಿಷನ್ ಬರೋ ತನಕ ಗೋಡೆ ಮುಟ್ಟಂಗಿಲ್ಲ" ಎಂದರು. ಹೊಸದುರ್ಗದ ಬಸ್ ಸ್ಟ್ಯಾಂಡ್ ಹಿಂದೆ ಹದಿನೆಂಟು ವರ್ಷ ಟಿವಿ ರಿಪೇರಿ ಅಂಗಡಿ ನಡೆಸಿ, ಊರಿನ ಅರ್ಧ ಗೋಡೆಗಳಿಗೆ ತೂತು ಹಾಕಿದವನು ನಾನು. ದೇವರಿಗಾಗಿ ಒಂದು ಮೊಳೆ ಹೊಡೆಯಲು ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಅನುಮತಿ ಬರುವಷ್ಟರಲ್ಲಿ ನನ್ನ ಹೆಂಡತಿ ಗಿರಿಜಾಗೆ ಮೆಲ್ಬರ್ನ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿ, ನಾವು ಆ ಮನೆಯನ್ನೇ ಖಾಲಿ ಮಾಡಿದ್ದೆವು.

ಈಗ ಇರುವುದು ಮೆಲ್ಬರ್ನ್‌ನ ಬಾಕ್ಸ್ ಹಿಲ್ ಎಂಬ ಸಬರ್ಬ್‌ನಲ್ಲಿ. ಸಬರ್ಬ್ ಎಂದರೆ ನಮ್ಮ ಬಡಾವಣೆ ಇದ್ದ ಹಾಗೆ. ಆದರೆ ಒಂದೊಂದೂ ಹೊಸದುರ್ಗದಷ್ಟು ದೊಡ್ಡದು. ವೀಸಾ ಗಿರಿಜಾಳ ಹೆಸರಿನಲ್ಲಿದೆ. ಅದರಲ್ಲಿ ನಾನು 'ಅವಲಂಬಿತ'. ಮಗಳು ಮೇಘಾಳ ಶಾಲೆಯ ಫಾರಂನಲ್ಲಿ ತಂದೆಯ ಉದ್ಯೋಗ ಎಂಬ ಜಾಗವನ್ನು ಎರಡು ವರ್ಷ ಖಾಲಿ ಬಿಟ್ಟೆ. ಊರಿನಲ್ಲಿ ನನ್ನನ್ನು ಎಲ್ಲರೂ ಟಿವಿ ರಾಜಣ್ಣ ಎನ್ನುತ್ತಿದ್ದರು. ಅಲ್ಲಿ ನನ್ನ ಹೆಸರಿನಲ್ಲೇ ಉದ್ಯೋಗ ಇತ್ತು.

ಎಸ್ಸೆಸ್ಸೆಲ್ಸಿಯನ್ನೇ ಮೂವತ್ತನೇ ವಯಸ್ಸಿನಲ್ಲಿ ಪಾಸು ಮಾಡಿದವನು ಇಂಗ್ಲಿಷ್ ಕಲಿಯುವುದು ಎಲ್ಲಿಂದ? ಮಕ್ಕಳ ಕಥೆ ಓದಿದರೆ ಮೊಲ, ನರಿ ಎಂಬ ಪದಗಳಷ್ಟೇ ಬರುತ್ತವೆ. ಟಿವಿ ವಿಷಯವಾದರೆ ಅರ್ಧ ನನಗೆ ಗೊತ್ತೇ ಇರುತ್ತದೆ ಎಂದುಕೊಂಡು, ಬ್ರಿಟನ್‌ನವರು ನಡೆಸುವ ಒಂದು ವೆಬ್‌ಸೈಟ್ ಹಿಡಿದೆ. ಹೊಸ ಟಿವಿ, ಫೋನು, ಸ್ಪೀಕರು, ಯಾವ ಆ್ಯಪ್‌ನಲ್ಲಿ ಯಾವ ಧಾರಾವಾಹಿ, ಎಲ್ಲವೂ ಅದರಲ್ಲಿ. ದಿನಾ ಬೆಳಿಗ್ಗೆ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಲಂಡನ್‌ನ ಜನ ಈ ವಾರ ಯಾವ ಧಾರಾವಾಹಿ ನೋಡುತ್ತಾರೆ, ಯಾವುದಕ್ಕೆ ಬೈಯುತ್ತಾರೆ ಎಂಬುದೆಲ್ಲ ನನಗೆ ಬಾಯಿಪಾಠ. ನಾನು ಒತ್ತಿದರೆ ಮಾತ್ರ, 'ನೀವಿರುವ ದೇಶದಲ್ಲಿ ಇದು ಸಿಗುವುದಿಲ್ಲ' ಎಂದು ಬರುತ್ತಿತ್ತು.

ಆ ಓದಿನ ಬಲದಿಂದಲೇ ಡ್ಯಾಂಡಿನಾಂಗ್‌ನ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೆಲಸ ಕೇಳಿದೆ. ಮಾಲೀಕ ಸ್ಪಿರೋ, ಗ್ರೀಸಿನಿಂದ ಬಂದು ನಲವತ್ತು ವರ್ಷವಾದ ಮುದುಕ. "ಒಂದು ತಿಂಗಳು ನೋಡ್ತೀನಿ. ಆಮೇಲೆ ಇರು ಅಂತೀನಿ, ಇಲ್ಲ ಹೋಗು ಅಂತೀನಿ" ಎಂದ.

ಮೊದಲ ವಾರವೇ, ಜೂನ್ ತಿಂಗಳಲ್ಲಿ, ದಪ್ಪ ಕೋಟು ತೊಟ್ಟು ಮೂಗು ಸುರಿಸುತ್ತ ಬಂದ ಒಬ್ಬಾಕೆಗೆ, "ಬೇಸಿಗೆ ಶುರುವಾಯ್ತಲ್ಲ ಮೇಡಂ, ಸಂಜೆ ಗಾರ್ಡನ್‌ನಲ್ಲಿ ಕೂರೋಕೆ ಈ ಸ್ಪೀಕರ್ ಬಹಳ ಚೆನ್ನಾಗಿದೆ" ಎಂದೆ. ಅವತ್ತು ಬೆಳಿಗ್ಗೆಯಷ್ಟೇ ಬ್ರಿಟನ್‌ನವರ ವೆಬ್‌ಸೈಟಿನಲ್ಲಿ ಓದಿದ್ದೆ. ಆಕೆ ಹೊರಗೆ ಸುರಿಯುತ್ತಿದ್ದ ಮಳೆಯನ್ನೂ ನನ್ನನ್ನೂ ನೋಡಿ, ಬ್ಯಾಟರಿ ಮಾತ್ರ ಕೊಂಡು ಹೋದಳು.

ಮನೆಯಲ್ಲಿ ಹೇಳಿದಾಗ ಮೇಘಾ, "ಅಪ್ಪಾ, ಇಟ್ಸ್ ವಿಂಟರ್" ಎಂದಳು.

"ಗೊತ್ತು ಕಣೆ. ಓದಿದ್ದು ಬಾಯಿಗೆ ಬಂತು."

"ದೇಶ ತಿರುಗಿಸ್ಕಂಡು ಓದ್ರಿ" ಎಂದಳು ಗಿರಿಜಾ.

ಅವರ ಬೇಸಿಗೆ ಇಲ್ಲಿ ಚಳಿಗಾಲ ಎಂದು ಓದುವಾಗ ತಿಂಗಳು ತಿರುಗಿಸಿಕೊಳ್ಳುವುದನ್ನು ಕಲಿತೆ. ದಿಕ್ಕನ್ನೂ ತಿರುಗಿಸಬೇಕೆಂದು ಯಾರೂ ಹೇಳಲಿಲ್ಲ.

ಮೂರನೆಯ ವಾರ ನಮ್ಮ ಪರಿಚಯದ ಮೈಸೂರಿನ ಮಂಜುನಾಥ್ ಅಂಗಡಿಗೆ ಬಂದರು. ಐಟಿಯವರು, ಗ್ಲೆನ್ ವೇವರ್ಲಿಯಲ್ಲಿ ಆಗ ತಾನೇ ಸ್ವಂತ ಮನೆ ಕೊಂಡಿದ್ದರು. ಬ್ರಿಟನ್‌ನವರು ಹೊಗಳಿ ಹೊಗಳಿ ಬರೆದಿದ್ದ ಟಿವಿಯನ್ನೇ ತೋರಿಸಿದೆ. ಅದರ ಕಪ್ಪು ಎಂದರೆ ಕಾಡಿಗೆಯ ಕಪ್ಪು, ಗಾಜು ಕೊಳದ ನೀರಿನಂತೆ ನುಣುಪು.

"ರಾಜಣ್ಣ, ನೀವು ಹೇಳಿದ್ಮೇಲೆ ಮುಗೀತು. ಫಿಟ್ ಮಾಡೋದೂ ನೀವೇ" ಎಂದರು.

ನನಗೆ ಎರಡು ವರ್ಷದ ಮೇಲೆ ಒಂದು ಗೋಡೆ ಸಿಕ್ಕಿತು. ಇಲ್ಲಿಯ ಗೋಡೆ ಇಟ್ಟಿಗೆಯದಲ್ಲ, ಒಳಗೆ ಮರದ ಕಂಬ, ಮೇಲೆ ಹಲಗೆಯಂಥ ಹಾಳೆ. ಬೆರಳಿನಿಂದ ತಟ್ಟಿ ತಟ್ಟಿ, ಸದ್ದು ಗಟ್ಟಿಯಾದಲ್ಲಿ ಕಂಬವಿದೆ ಎಂದು ತಿಳಿಯಬೇಕು, ತೆಂಗಿನಕಾಯಿ ಆರಿಸಿದ ಹಾಗೆ. ಮಂಜುನಾಥ್ ಅವರ ಹೆಂಡತಿ ಸುಧಾ, "ಬಿಸಿಲು ಬೀಳಲ್ಲ ತಾನೆ?" ಎಂದು ಕೇಳಿದರು. ನಾನು ಫೋನಿನಲ್ಲಿ ದಿಕ್ಕು ನೋಡಿ, ಉತ್ತರದ ದೊಡ್ಡ ಕಿಟಕಿಗೆ ಎದುರಾಗಿರುವ ಗೋಡೆಯನ್ನೇ ಆರಿಸಿದೆ. ಪೂರ್ವದ ಬಿಸಿಲು ಬೆಳಿಗ್ಗೆ, ಪಶ್ಚಿಮದ್ದು ಸಂಜೆ, ಚಳಿಗಾಲದಲ್ಲಿ ದಕ್ಷಿಣದ್ದು. ಉತ್ತರದಿಂದ ಬಿಸಿಲಿನ ಕಾಟವಿಲ್ಲ. ಹೊಸದುರ್ಗದಲ್ಲಿ ನಾನು ಕೂರಿಸಿದ ಟಿವಿಗಳೆಲ್ಲ ಈ ಲೆಕ್ಕದಲ್ಲೇ ಕೂತಿವೆ. ಅವತ್ತು ಮೋಡವಿತ್ತು. ಸೂರ್ಯ ಯಾವ ಕಡೆಯಿದ್ದಾನೆಂದು ಕಾಣಲೇ ಇಲ್ಲ.

ಮುಂದಿನ ಭಾನುವಾರ ಮಂಜುನಾಥ್ ಮನೆಯಲ್ಲಿ ಇಪ್ಪತ್ತು ಜನಕ್ಕೆ ಊಟ, ಊಟದ ಮೇಲೆ ಒಂದು ಕನ್ನಡ ದೆವ್ವದ ಸಿನಿಮಾ. ನಮಗೂ ಕರೆ ಬಂದಿತ್ತು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ. ಸಿನಿಮಾ ಶುರುವಾಗುವ ಹೊತ್ತಿಗೆ ಮೋಡ ಸರಿದು ಸೂರ್ಯ ಬಂದ. ನೆಟ್ಟಗೆ ಉತ್ತರದಿಂದ ಬಂದ. ಚಳಿಗಾಲದ ಸೂರ್ಯ ಇಲ್ಲಿ ತಲೆಯ ಮೇಲೆ ಏರುವುದಿಲ್ಲ, ಉತ್ತರದಲ್ಲಿ ಕೆಳಗೇ ನಿಂತು ಮನೆಯೊಳಗೆ ಇಣುಕುತ್ತಾನೆ. ಹೊಸ ಮನೆ, ಕಿಟಕಿಗೆ ಪರದೆ ಇನ್ನೂ ಬಂದಿರಲಿಲ್ಲ.

ಸಿನಿಮಾದಲ್ಲಿ ಕಗ್ಗತ್ತಲು, ಹಾಳು ಬಾವಿ. ಟಿವಿಯ ಗಾಜಿನಲ್ಲಿ ನಮಗೆ ಕಂಡದ್ದು ನಾವೇ. ಸೋಫಾದ ಮೇಲೆ ಸಾಲಾಗಿ ಕೂತ ಇಪ್ಪತ್ತು ಜನ, ನಡುವೆ ಬೋಂಡ ತಿನ್ನುತ್ತಿದ್ದ ಶ್ರೀನಿವಾಸ್ ಅಂಕಲ್. ಸಿನಿಮಾದೊಳಗೆ ಎಲ್ಲೋ ಹೆಂಗಸೊಬ್ಬಳು ಕಿರುಚಿದಳು. ಅಂಕಲ್ ಚಟ್ನಿಗೆ ಕೈ ಹಾಕಿದರು.

"ದೆವ್ವ ಬಂತಾ?" ಎಂದು ಯಾರೋ ಕೇಳಿದರು.

"ಗೊತ್ತಿಲ್ಲ. ಶ್ರೀನಿ ಅಂತೂ ನಾಲ್ಕನೇ ಬೋಂಡ ತಗೊಂಡ್ರು. ಸಖತ್ ಕ್ಲಿಯರ್ ಆಗಿದೆ."

ಕೊನೆಗೆ ಇಬ್ಬರು ಕಿಟಕಿಯ ಬಳಿ ಹೋಗಿ ಬೆಡ್‌ಶೀಟ್ ಎತ್ತಿ ಹಿಡಿದರು. ಹತ್ತು ನಿಮಿಷಕ್ಕೊಮ್ಮೆ ಪಾಳಿ ಬದಲು. ಮೂರು ಪಾಳಿ ನಾನೇ ಹಿಡಿದೆ. ಹೊರಡುವಾಗ ಮಂಜುನಾಥ್ ನನ್ನನ್ನು ಪಕ್ಕಕ್ಕೆ ಕರೆದು, "ರಾಜಣ್ಣ, ಬೇಜಾರ್ ಮಾಡ್ಕೋಬೇಡಿ. ನಾಳೆ ಶಾಪ್‌ಗೆ ಫೋನ್ ಮಾಡ್ಬೇಕಾಗುತ್ತೆ" ಎಂದರು. ನನ್ನ ತಿಂಗಳು ಮುಗಿಯುವುದು ಬುಧವಾರ.

ಕಾರಿನಲ್ಲಿ ಗಿರಿಜಾ, "ಅವ್ರು ಫೋನ್ ಮಾಡೋಕ್ ಮುಂಚೆ ನೀವೇ ಹೇಳ್ಬಿಡ್ರಿ. ಆಸ್ಪತ್ರೇಲಿ ಔಷಧಿ ತಪ್ಪಿದ್ರೆ ನಾವು ಹಂಗೇ ಮಾಡೋದು" ಎಂದಳು.

ಸೋಮವಾರ ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತೆ. ಎಲ್ಲ ಹೇಳಿದೆ. ಉತ್ತರ ಎಂದಾಗ ಸ್ಪಿರೋ ಕನ್ನಡಕ ತೆಗೆದ.

"ಆ ಇಂಗ್ಲೆಂಡಿನವನು ಯಾವ ರೂಮಿನಲ್ಲಿ ಕೂತು ಬರೀತಾನೆ?"

"ಗೊತ್ತಿಲ್ಲ ಬಾಸ್."

"ಕತ್ತಲೆ ರೂಮಿನಲ್ಲಿ. ಅವನಿಗೆ ಬಿಸಿಲು ಅಂದ್ರೆ ಅದೇ ಒಂದು ನ್ಯೂಸು." ಬೀಗದ ಕೈ ಆಡಿಸುತ್ತ ಮುಂದುವರಿಸಿದ. "ನಾನು ಬಂದ ಹೊಸತರಲ್ಲಿ ಮನೆಯ ದಕ್ಷಿಣಕ್ಕೆ ಟೊಮೇಟೊ ಹಾಕ್ದೆ. ನಮ್ಮೂರಲ್ಲಿ ಬಿಸಿಲು ದಕ್ಷಿಣಕ್ಕೆ. ಮೂರು ವರ್ಷ ಒಂದು ಕಾಯಿ ಬಿಡಲಿಲ್ಲ. ಬೀಜ ಸರಿಯಿಲ್ಲ ಅಂತ ಅಂಗಡಿಯವನ ಹತ್ರ ಜಗಳ ಆಡ್ದೆ. ನೀನು ಒಂದೇ ದಿನದಲ್ಲಿ ಬಂದು ಒಪ್ಪಿಕೊಂಡೆ. ವ್ಯಾನ್ ಹತ್ತು."

ಮಂಜುನಾಥ್ ಮನೆಗೆ ಹೋಗಿ ಹಳೆಯ ನಾಲ್ಕು ತೂತು ಮುಚ್ಚಿ, ಟಿವಿಯನ್ನು ಕಿಟಕಿಯಿರುವ ಗೋಡೆಯಲ್ಲೇ, ಕಿಟಕಿಯ ಪಕ್ಕಕ್ಕೆ ಕೂರಿಸಿದೆ. ಬಿಸಿಲು ಈಗ ಅದರ ಬೆನ್ನಿಗೆ. ಮಂಜುನಾಥ್ ಸಿನಿಮಾ ಹಾಕಿದರು. ಬಾವಿ ಕಂಡಿತು, ದೆವ್ವವೂ ಕಂಡಿತು. ಅವರ ಮಗಳು ಎರಡು ನಿಮಿಷ ನೋಡಿ, "ಶ್ರೀನಿ ಅಂಕಲ್ ವಾಸ್ ಬೆಟರ್" ಎಂದು ಎದ್ದು ಹೋದಳು.

ಬುಧವಾರ ಸ್ಪಿರೋ ಇರು ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಗೋಡೆಗೆ ಅಂಟಿಸಿದ, ಅದರಲ್ಲಿ ನನ್ನ ಹೆಸರಿತ್ತು. ಗಿರಿಜಾ ಎರಡು ಸಲ ಅದರ ಫೋಟೋ ಕಳಿಸಲು ಹೇಳಿದಳು, ಮೊದಲನೆಯದು ಅಲುಗಿತ್ತು. ಈಗ ಯಾರೇ ಟಿವಿ ಕೇಳಲು ಬಂದರೂ, ನಿಮ್ಮ ಮನೆಯ ಕಿಟಕಿ ಯಾವ ದಿಕ್ಕಿಗೆ ಎಂದೇ ಮಾತು ಶುರು ಮಾಡುತ್ತೇನೆ. ನನ್ನನ್ನು ವಾಸ್ತು ಹೇಳುವವನು ಎಂದುಕೊಂಡವರೂ ಇದ್ದಾರೆ.

ಹೋದ ವಾರ ಊರಿನಿಂದ ಗಿರಿಜಾಳ ತಮ್ಮ ತಿಪ್ಪೇಸ್ವಾಮಿಯ ಫೋನು.

"ಭಾವ, ಹೊಸ ಟಿವಿ ತಂದೀನಿ. ಯಾವ ಗೋಡಿಗೆ ಹಾಕ್ಸಾನ?"

"ಉತ್ತರದ ಕಿಟಕಿ ಎದುರಿಗೆ ಮಾತ್ರ ಬ್ಯಾಡ ಕಣೋ. ಬಿಸಿಲು ಹೊಡಿತೈತೆ."

"ಭಾವ, ಉತ್ತರದಿಂದ ಯಾವೂರಾಗೆ ಬಿಸಿಲು ಬರ್ತೈತೆ?"

"ನಮ್ಮೂರಾಗೆ" ಎಂದುಬಿಟ್ಟೆ.

ತಡಿ ಎಂದು ಹೇಳಿ, ಅಡುಗೆಮನೆಯ ನಡುವೆ ಕಣ್ಣು ಮುಚ್ಚಿ ನಿಂತು ಅವನ ಮನೆಯನ್ನು ನೆನೆಸಿಕೊಂಡೆ. ಬಾಗಿಲು ಸಿಕ್ಕಿತು, ಕಿಟಕಿ ಸಿಕ್ಕಿತು. ಸೂರ್ಯನನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದು ಸುತ್ತು ತಿರುಗಿದೆ, ಮತ್ತೆ ವಾಪಸ್ಸು ತಿರುಗಿದೆ. "ನೀನೇ ನೋಡಿ ಹಾಕ್ಸಪ್ಪ" ಎಂದೆ. ಹೊಸದುರ್ಗದಲ್ಲಿ ಇದುವರೆಗೆ ಯಾರಿಗೂ ನಾನು ಹಾಗೆ ಹೇಳಿದ್ದಿಲ್ಲ.